ಇಂದಿನ ಪಡಿ

ಕಾಯಕದ ವಿಚಾರವಾಗಿ ನಾವು ಬಹಳ ಮಾತನಾಡುವೆವು. ದಾಸೋಹದ ವಿಚಾರವಾಗಿಯೂ ಮಾತನಾಡುವೆವು. ಈ ಎರಡರ ನಡುವೆ ಒಂದು ಎಡೆಯುಂಟು. ಅದು ಅಡಿಗೆಯ ಮನೆ. ದುಡಿದು ತಂದ ಧಾನ್ಯವು ಪ್ರಸಾದವಾಗುವ ಮುನ್ನ ಒಲೆಯ ಮುಂದೆ ಕುಳಿತ ಒಬ್ಬ ತಾಯಿಯ ಕೈಯನ್ನು ಹಾದು ಬರಬೇಕಷ್ಟೆ. ಆ ಕೈಯಲ್ಲಿ ಅಳತೆಯಿದ್ದರೆ ಅಲ್ಪ ಗಳಿಕೆಯೂ ಸಾಲುವುದು. ಅಳತೆಯಿಲ್ಲದಿದ್ದರೆ ದೊಡ್ಡ ಗಳಿಕೆಯೂ ತೂತುಳ್ಳ ಕೊಡದ ನೀರಿನಂತೆ ಸೋರಿಹೋಗುವುದು. ಆದರೂ ಅಡಿಗೆಯ ಮನೆಯನ್ನು ಕುರಿತ ಪಾಠಗಳು ನಮ್ಮಲ್ಲಿ ವಿರಳ. ಅದು ಹೆಣ್ಣುಮಕ್ಕಳ ಕೆಲಸ, ಅದರಲ್ಲಿ ತತ್ತ್ವವೇನು ಬಂದಿತೆಂದು ಗಂಡಸರು ಭಾವಿಸಿರುವುದೇ ಇದಕ್ಕೆ ಕಾರಣವಾಗಿರಬಹುದು.

ಶರಣರು ಹಾಗೆ ಭಾವಿಸಿರಲಿಲ್ಲ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಎಲ್ಲರೂ ಬಲ್ಲಿರಿ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಅಕ್ಕಿ ಆಯುವುದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಕಾಳುಗಳನ್ನು ಮಾರಯ್ಯ ಆಯ್ದು ತರುವನು. ಲಕ್ಕಮ್ಮ ಅದನ್ನು ಅಟ್ಟು ಜಂಗಮರಿಗೆ ನೀಡಿ, ಆ ಮೇಲೆ ತಾವು ಕೊಳ್ಳುವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಸವಣ್ಣನವರೇ ಪರೀಕ್ಷಿಸಲೆಂದು ಹೆಚ್ಚು ಚೆಲ್ಲಿಸಿದ್ದರೆಂದೂ ಹೇಳುವರು. ಲಕ್ಕಮ್ಮನು ಗಂಟನ್ನು ಕೈಯಲ್ಲಿ ಹಿಡಿದೊಡನೆಯೇ ಭಾರವನ್ನು ತಿಳಿದಳು. ನಮಗೆ ಇಂದಿಗೆ ಬೇಕಾದುದಕ್ಕಿಂತ ಇದು ಮಿಕ್ಕಿದೆ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಕಥೆಯನ್ನು ನಾವು ನಿರಾಶೆಯ, ಅಪರಿಗ್ರಹದ ದೃಷ್ಟಾಂತವಾಗಿ ಹೇಳುತ್ತ ಬಂದಿರುವೆವು, ಅದು ಸರಿಯೇ. ಆದರೆ ಅದರಲ್ಲಿ ಅಡಿಗೆಯ ಒಂದು ಗುಟ್ಟೂ ಅಡಗಿದೆ. ಎಷ್ಟು ಅಕ್ಕಿ ಸಾಕೆಂಬುದು ಲಕ್ಕಮ್ಮನಿಗೆ ಗೊತ್ತಿದ್ದಿತು! ಮುಟ್ಟಿದೊಡನೆ ಹೆಚ್ಚು ಕಡಿಮೆಯನ್ನು ಹೇಳಬಲ್ಲ ಕೈ ಅದು. ಇಂದು ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ತಮ್ಮ ಮನೆಯ ಒಂದು ದಿನದ ಪಡಿ ಎಷ್ಟೆಂದು ಹೇಳಲು ಬಂದೀತು? ಆದುದರಿಂದ ಮೊದಲು ಪಡಿಯ ಮಾತನ್ನೇ ಎತ್ತಿಕೊಳ್ಳೋಣ.

ಗಂಡ, ಹೆಂಡತಿ, ಒಬ್ಬ ಹಿರಿಯರು, ಇಬ್ಬರು ಬೆಳೆಯುವ ಮಕ್ಕಳು, ಇಂತು ಐವರ ಮನೆಯೊಂದನ್ನು ತೆಗೆದುಕೊಳ್ಳಿ. ನಮ್ಮ ಬಯಲುಸೀಮೆಯ ರೂಢಿಯಂತೆ ಒಂದು ದಿನಕ್ಕೆ ಜೋಳ ಒಂದೂವರೆ ಕಿಲೊ, ಅಕ್ಕಿ ಅರ್ಧ ಕಿಲೊ, ತೊಗರಿಬೇಳೆ 150 ಗ್ರಾಂ, ಹೆಸರು ಹುರುಳಿ ಮಡಿಕೆ ಮೊದಲಾದ ಯಾವುದಾದರೊಂದು ಕಾಳು 150 ಗ್ರಾಂ, ಶೇಂಗಾ ಒಂದು ಹಿಡಿ, ಎಣ್ಣೆ 75 ಗ್ರಾಂ, ಹಾಲು ಅರ್ಧ ಲೀಟರು. ಇವುಗಳೊಡನೆ ಎರಡು ಮೂರು ಕಟ್ಟು ಸೊಪ್ಪು, ಒಂದು ತರಕಾರಿ. ಇಷ್ಟನ್ನು ಐವರಿಗೆ ಹಂಚಿದರೆ ತಲೆಗೆ ಸುಮಾರು 1800 ಕ್ಯಾಲೊರಿಗಳೂ ಸುಮಾರು 55 ಗ್ರಾಂ ಸಸಾರಜನಕವೂ ದೊರೆಯುವುವು. ಹೊಲದಲ್ಲಿ ದುಡಿಯುವವರಿಗೆ ಇದು ಸಾಲದು. ಅವರಿಗೆ ದಿನಕ್ಕೆ ಇನ್ನೆರಡು ಮೂರು ರೊಟ್ಟಿ ಬೇಕು. ಕುಳಿತು ಲೆಕ್ಕ ಬರೆಯುವವರಿಗೆ ಇಷ್ಟು ಸಾಕು. ಈ ಪಟ್ಟಿಯಲ್ಲಿ ಕೊಂಡು ತರುವ ತಿಂಡಿಯ ಪೊಟ್ಟಣವಾಗಲಿ ಬೇಕರಿಯ ಪದಾರ್ಥವಾಗಲಿ ಇಲ್ಲವೆಂಬುದನ್ನು ಗಮನಿಸಿರಿ. ನಿಮ್ಮ ಊರ ಸಂತೆಯ ದರದಲ್ಲಿ ಇದಕ್ಕೆ ಬೆಲೆ ಕಟ್ಟಿ, ಕಳೆದ ತಿಂಗಳ ಕಿರಾಣಿ ಅಂಗಡಿಯ ಉದ್ರಿಯ ಚೀಟಿಯೊಡನೆ ಹೋಲಿಸಿ ನೋಡಿರಿ.

ಜೋಳಕ್ಕೂ ಬೇಳೆಗೂ ಇರುವ ನಂಟು ನಮ್ಮ ಹಿರಿಯರು ಕಂಡುಕೊಂಡ ಒಂದು ದೊಡ್ಡ ತಿಳಿವಳಿಕೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದೆ. ತೊಗರಿಯಲ್ಲಿಯೂ ಹುರುಳಿಯಲ್ಲಿಯೂ ಸುಮಾರು 22 ಗ್ರಾಂ ಇದೆ. ಆದರೆ ಪ್ರಮಾಣವೊಂದೇ ಮುಖ್ಯವಲ್ಲ. ದೇಹಕ್ಕೆ ಬೇಕಾದ ಲೈಸಿನ್ ಎಂಬ ಅಂಶವು ಜೋಳದಲ್ಲಿ ಕಡಿಮೆ, ಕಾಳುಗಳಲ್ಲಿ ಹೆಚ್ಚು. ಮೆಥಿಯೊನಿನ್ ಎಂಬ ಇನ್ನೊಂದು ಅಂಶವು ಕಾಳುಗಳಲ್ಲಿ ಕಡಿಮೆ, ಜೋಳ ಅಕ್ಕಿಗಳಲ್ಲಿ ಸಾಕಷ್ಟು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದು. ಬಡವನ ತಟ್ಟೆಯಲ್ಲಿ ರೊಟ್ಟಿಯ ಪಕ್ಕದಲ್ಲಿ ಕಾಳುಪಲ್ಯವು ಕುಳಿತಿರುವುದು ಕೇವಲ ರುಚಿಗಾಗಿ ಅಲ್ಲ. ಬರಿಯ ರೊಟ್ಟಿ ಖಾರದಲ್ಲಿ, ಬರಿಯ ಅನ್ನ ಸಾರಿನಲ್ಲಿ ಹೊಟ್ಟೆ ತುಂಬಿದರೂ ಮೈ ತುಂಬದು.

ಬಿಳಿಜೋಳವು ಈಗ ಹಿಂದಿನಷ್ಟು ಅಗ್ಗವಲ್ಲ ಎಂಬ ಮಾತು ನಿಜ. 2013ರಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆಯು ಆರಂಭವಾದ ಮೇಲೆ ಪಡಿತರದ ಅಕ್ಕಿಯು ಎಷ್ಟೋ ಬಡಮನೆಗಳ ಹಸಿವನ್ನು ನೀಗಿತು. ಅದನ್ನು ಹಗುರವಾಗಿ ಕಾಣುವುದು ತುಂಬಿದ ಹೊಟ್ಟೆಯವರ ಅವಿವೇಕ. ಆದರೆ ಅಕ್ಕಿ ಬಂದಿತೆಂದು ಜೋಳವು ಮನೆಯನ್ನೇ ಬಿಟ್ಟು ಹೋಗಬೇಕಾಗಿಲ್ಲ. ಒಂದು ಹೊತ್ತು ಅನ್ನ, ಒಂದು ಹೊತ್ತು ರೊಟ್ಟಿ ಎಂದಾದರೂ ಉಳಿಸಿಕೊಳ್ಳಬೇಕು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಪಟ್ಟಣದ ಅಂಗಡಿಗಳಲ್ಲಿ ಜೋಳದ ಹಿಟ್ಟು ಬಣ್ಣದ ಪೊಟ್ಟಣಗಳಲ್ಲಿ ಕುಳಿತು ಬೆಲೆ ಏರಿಸಿಕೊಂಡಿರುವುದನ್ನೂ ಕಾಣುವೆವು. ಅದನ್ನು ಕೊಳ್ಳಬೇಡಿರಿ. ಸುಗ್ಗಿಯಲ್ಲಿ ಕಾಳನ್ನೇ ಕೊಂಡು, ಒಣಗಿಸಿ ಇಟ್ಟುಕೊಂಡು, ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಗಿರಣಿಗೆ ಒಯ್ಯಿರಿ.

ವಾರಕ್ಕೆ ಮಾತ್ರ ಎನ್ನಲು ಕಾರಣವಿದೆ. ಗೋಧಿಯ ಹಿಟ್ಟಿಗೆ ತನ್ನದೇ ಆದ ಅಂಟು ಉಂಟು, ಜೋಳಕ್ಕೆ ಅದಿಲ್ಲ. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗ ಬಿರಿಯುವುದು. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರನ್ನು ಹಾಕಿದಾಗ ಪಿಷ್ಟದ ಒಂದು ಭಾಗವು ಅಲ್ಲಿಯೇ ಬೆಂದು ಅಂಟಾಗುವುದು. ಅದೇ ಉಳಿದ ಹಿಟ್ಟನ್ನು ಹಿಡಿದು ನಿಲ್ಲಿಸುವುದು. ಹಿಟ್ಟು ಹಳತಾದರೆ ಜಿಗಿ ಹೋಗಿ ಎಷ್ಟು ನಾದಿದರೂ ಅಂಚು ಒಡೆಯುವುದಲ್ಲದೆ ರುಚಿಯೂ ಕಹಿಯಾಗುವುದು. ಹೊಸ ಸೊಸೆಯಂದಿರು ರೊಟ್ಟಿ ಬಾರದೆಂದು ಅಳುವ ಮನೆಗಳಲ್ಲಿ ಅನೇಕ ಸಲ ತಪ್ಪು ಕೈಯದಲ್ಲ, ಹಿಟ್ಟಿನದು. ಅತ್ತೆಯವರು ಇದನ್ನು ಅರಿತರೆ ಒಳ್ಳೆಯದು. ತಟ್ಟಿದ ರೊಟ್ಟಿಯನ್ನು ಕಾದ ಹಂಚಿಗೆ ಹಾಕಿ, ಮೇಲುಮೈಗೆ ಒದ್ದೆಬಟ್ಟೆಯಿಂದ ನೀರು ಸವರಿ, ನೀರು ಆರುವ ಹೊತ್ತಿಗೆ ಮಗುಚಬೇಕು. ಕೊನೆಗೆ ಕೆಂಡದ ಮೇಲೆಯೋ ಉರಿಯ ಮೇಲೆಯೋ ಹಿಡಿದರೆ ಉಬ್ಬಿ ಬರುವುದು. ಇದಕ್ಕೆ ಒಂದು ಹನಿ ಎಣ್ಣೆ ಬೇಕಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ರೊಟ್ಟಿಗಳನ್ನು ತೆಳ್ಳಗೆ ತಟ್ಟಿ ಕಟಕಾಗುವಂತೆ ಒಣಗಿಸಿ ಇಟ್ಟುಕೊಂಡರೆ ಹಲವು ದಿನ ಒಲೆಯ ಮುಂದಿನ ದುಡಿಮೆಯೂ ಉರುವಲೂ ಉಳಿಯುವುವು.

ಇನ್ನು ಕಾಳು. ರಾತ್ರಿ ನೀರಿನಲ್ಲಿ ನೆನೆಯಿಟ್ಟ ಕಾಳು ಅರ್ಧ ಉರುವಲಿನಲ್ಲಿ ಬೇಯುವುದು. ಮರುದಿನ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಒಣಕಾಳಿನಲ್ಲಿ ಇಲ್ಲದ ಸಿ ಜೀವಸತ್ವವೂ ಅದರಲ್ಲಿ ಹುಟ್ಟುವುದು. ಕಾಳು ಬೇಗ ಬೇಯಲೆಂದು ಸೋಡಾ ಹಾಕುವ ರೂಢಿ ಕೆಲವೆಡೆ ಇದೆ. ಅದನ್ನು ಬಿಡಬೇಕು; ಸೋಡಾ ಬೆರೆತ ನೀರಿನಲ್ಲಿ ಬಿ ಗುಂಪಿನ ಥಯಾಮಿನ್ ಎಂಬ ಜೀವಸತ್ವವು ನಾಶವಾಗುವುದು. ಹುಣಿಸೆಹುಳಿಯನ್ನು ಮೊದಲೇ ಸುರಿಯುವುದೂ ತಪ್ಪು. ಹುಳಿಯ ನೀರಿನಲ್ಲಿ ಕಾಳು ಮೆತ್ತಗಾಗದು. ಗಂಟೆಗಟ್ಟಲೆ ಉರಿಸಿದರೂ ಕಲ್ಲಿನಂತೆ ನಿಲ್ಲುವುದು. ಕಾಳು ಬೆರಳಿಗೆ ಹಿಸುಕಿದಂತಾದ ಮೇಲೆಯೇ ಹುಳಿ ಬೀಳಬೇಕು.

ಹುರುಳಿಯ ವಿಷಯದಲ್ಲಿ ನಮ್ಮ ತಾಯಂದಿರ ಜಾಣತನವನ್ನು ಮೆಚ್ಚದಿರಲಾಗದು. ಒಂದೇ ಉರಿಯಲ್ಲಿ ಎರಡು ಪದಾರ್ಥ: ಬೆಂದ ನೀರನ್ನು ಬಸಿದು ಬೆಳ್ಳುಳ್ಳಿ ಜೀರಿಗೆಯ ಒಗ್ಗರಣೆ ಕೊಟ್ಟರೆ ಕಟ್ಟಿನ ಸಾರು, ಉಳಿದ ಕಾಳಿಗೆ ಈರುಳ್ಳಿ, ಒಣಕೊಬ್ಬರಿ ಬೆರೆಸಿದರೆ ಪಲ್ಯ. ಹೋಳಿಗೆಯ ದಿನ ತೊಗರಿಬೇಳೆ ಅಥವಾ ಕಡಲೆಬೇಳೆಯ ನೀರನ್ನು ಬಸಿದು ಸಾರು ಮಾಡುವುದೂ ಇದೇ ತಿಳಿವಳಿಕೆ. ಹಬ್ಬದಲ್ಲಿ ಮಾತ್ರ ನೆನಪಾಗುವ ಈ ಜಾಣತನವು ಉಳಿದ ದಿನಗಳಲ್ಲಿ ಎಲ್ಲಿಗೆ ಹೋಗುವುದೋ ತಿಳಿಯದು. ಅನ್ನದ ಗಂಜಿಯನ್ನು ಬಚ್ಚಲಿಗೆ ಬಸಿಯುವ ಮನೆಗಳಲ್ಲಿಯೇ ಮಕ್ಕಳಿಗೆ ಶಕ್ತಿಯ ಪುಡಿಗಳ ಡಬ್ಬಿಗಳನ್ನು ಕೊಂಡು ತರುವರು! ಅಕ್ಕಿಯನ್ನು ಐದಾರು ಸಲ ತಿಕ್ಕಿ ತೊಳೆಯುವುದು, ಬೆಂದ ನೀರನ್ನು ಚೆಲ್ಲುವುದು, ಇವೆರಡರಿಂದ ನೀರಿನಲ್ಲಿ ಕರಗುವ ಜೀವಸತ್ವಗಳು ಹರಿದುಹೋಗುವುವು. ಎರಡು ಸಲ ತೊಳೆದು, ನೀರು ಇಂಗುವಂತೆ ಅನ್ನ ಮಾಡಿದರೆ ಸಾಕು.

ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬಾರದು, ತೊಳೆದು ಹೆಚ್ಚಬೇಕು. ಮುಚ್ಚಳ ಮುಚ್ಚಿ, ತನ್ನ ನೀರಿನಲ್ಲಿಯೇ ಬೇಯಿಸಬೇಕು. ರಾಜಗಿರಿ, ಮೆಂತ್ಯ, ಕಿರಕಸಾಲಿ, ನುಗ್ಗೆ ಇವು ಬಡವರ ಔಷಧಾಲಯ. ನುಗ್ಗೆಯ ಗಿಡ ಹಿತ್ತಿಲಲ್ಲಿದ್ದೂ ಸೊಪ್ಪಿಗೆ ಸಂತೆಗೆ ಹೋಗುವವರನ್ನು ಕಂಡಿದ್ದೇನೆ. ಊಟದ ಕೊನೆಗೆ ಸೊಪ್ಪಿನ ಮೇಲೆ ಅರ್ಧ ನಿಂಬೆ ಹಿಂಡಿಕೊಂಡರೆ ಅದರಲ್ಲಿಯ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚು ಹತ್ತುವುದು. ಉಂಡ ಕೂಡಲೆ ಚಹಾ ಕುಡಿದರೆ ಆ ಅಂಶವೇ ದೇಹಕ್ಕೆ ಹತ್ತದೆ ಹೋಗುವುದು. ಚಹಾ ಬೇಕೆಂದವರು ಒಂದೆರಡು ಗಂಟೆ ತಡೆಯಬೇಕು. ರಾಗಿಯನ್ನು ನಮ್ಮ ಕಡೆಯವರು ಅಷ್ಟಾಗಿ ಬಳಸುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಹಾಲು ಕಡಿಮೆಯಿರುವ ಮನೆಯವರು ಬೇಸಗೆಯಲ್ಲಿ ಜೋಳದ ಅಂಬಲಿಗೆ ಬದಲಾಗಿ ಎರಡು ದಿನಕ್ಕೊಮ್ಮೆ ರಾಗಿ ಅಂಬಲಿಯನ್ನು ಮಾಡಿದರೆ ಲಾಭವೇ. ಅಗಸೆ, ಗುರೆಳ್ಳು, ಶೇಂಗಾ ಇವುಗಳ ಚಟ್ನಿಪುಡಿ ಎಣ್ಣೆಯ ಅಂಶವನ್ನೂ ರುಚಿಯನ್ನೂ ಒಟ್ಟಿಗೆ ಕೊಡುವುದು. ಆದರೆ ಹದಿನೈದು ದಿನಕ್ಕೆ ಸಾಕಾಗುವಷ್ಟನ್ನೇ ಕುಟ್ಟಿಕೊಳ್ಳಬೇಕು. ಪುಡಿಯಾದ ಎಣ್ಣೆಕಾಳು ಬೇಗ ಕಮಟುವುದು.

ಉರುವಲಿನ ಬಗೆಗೆ ಒಂದೇ ಮಾತು. ಕುದಿಯುವ ನೀರು ಎಷ್ಟು ಉರಿ ಕೊಟ್ಟರೂ ಇನ್ನಷ್ಟು ಬಿಸಿಯಾಗದು. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹೋಗುವುದು. ಕುದಿ ಬಂದೊಡನೆ ಉರಿಯನ್ನು ಇಳಿಸಿ ಮುಚ್ಚಳ ಮುಚ್ಚಿರಿ. ಹಿಂದಿನವರ ಒಲೆಗೆ ಪಕ್ಕದಲ್ಲಿ ಕೋಡೊಲೆಯಿದ್ದಿತು. ಮಿಕ್ಕ ಬಿಸಿಯಲ್ಲಿ ಬೇಳೆ ತಾನಾಗಿ ಬೇಯುತ್ತಿತ್ತು. ಈಗ ಅನಿಲದ ಒಲೆಯವರು ಕುದಿ ಬಂದ ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಅದೇ ಪ್ರಯೋಜನವನ್ನು ಪಡೆಯಬಹುದು. ನೆನೆಸಿದ ಹೆಸರಿಗೂ ಅನ್ನಕ್ಕೂ ಇದು ಸಲ್ಲುವುದು.

ಇಲ್ಲಿಯವರೆಗೆ ಹೇಳಿದುದು ಸುಲಭದ ಭಾಗ. ಕಠಿನವಾದ ಮಾತೊಂದು ಉಳಿದಿದೆ.

ನಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ಅವ್ವ ರೊಟ್ಟಿಗಳನ್ನು ಎಣಿಸಿ ಬುಟ್ಟಿಯಲ್ಲಿಡುತ್ತಿದ್ದಳು. ಅಪ್ಪನಿಗೆ ನಾಲ್ಕು, ಅಜ್ಜನಿಗೆ ಮೂರು, ನಮಗೆ ಎರಡೆರಡು. ಊರಿನಲ್ಲೆಲ್ಲ ಅವಳ ಮಿತವ್ಯಯಕ್ಕೆ ಹೆಸರು. ತನಗೆಷ್ಟು ಎಂದು ಎಣಿಸಿದ್ದನ್ನು ನಾನು ಕೇಳಲೇ ಇಲ್ಲ. ನಾವು ಕೈ ತೊಳೆದು ಹೊರಗೆ ಹೋದ ಮೇಲೆ ಅವಳು ಬುಟ್ಟಿಯ ತಳದ ಚೂರುಗಳನ್ನು ಕೆಂಪು ಖಾರದಲ್ಲಿ ಹಚ್ಚಿಕೊಂಡು ಉಣ್ಣುತ್ತಿದ್ದಳು. ಪಲ್ಯವು ಅವಳ ಪಾಲಿಗೆ ಉಳಿದ ದಿನಗಳು ಕಡಿಮೆ. ಅತಿಥಿಗಳು ಬಂದ ದಿನ ಮಜ್ಜಿಗೆಯಲ್ಲಿಯೇ ಅವಳ ಊಟ ಮುಗಿಯುತ್ತಿದ್ದಿತು. ಮುಂದೆ ಅವಳು ಬಾವಿಯ ಕಟ್ಟೆಯ ಬಳಿ ತಲೆ ಸುತ್ತಿ ಬಿದ್ದಾಗ ವೈದ್ಯರು ಕಣ್ಣಿನ ರೆಪ್ಪೆಯನ್ನು ಇಳಿಸಿ ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ ಎಂದರು. ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ನಾವು ಹೆಮ್ಮೆಪಟ್ಟ ಆ ಮಿತವ್ಯಯದ ಲೆಕ್ಕವು ಯಾರ ಖಾತೆಯಿಂದ ಹೋಗಿದ್ದಿತೆಂಬುದು ಅಂದು ಗೊತ್ತಾಯಿತು.

ಇದು ಒಂದು ಮನೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಕಾರಣಗಳು ಹಲವು, ಕೊನೆಯಲ್ಲಿ ಕುಳಿತು ಉಳಿದುದನ್ನು ಉಣ್ಣುವ ಪದ್ಧತಿಯೂ ಅವುಗಳಲ್ಲಿ ಒಂದೆಂಬುದನ್ನು ಅಲ್ಲಗಳೆಯಲಾಗದು. ಶರಣರು ಹೆಣ್ಣಿನ ಕೊರಳಿಗೂ ಲಿಂಗವನ್ನು ಕಟ್ಟಿದರು. ಇಷ್ಟಲಿಂಗವನ್ನು ಧರಿಸಿದ ಮೈಗೆ ಚೂರುಪಾರನ್ನು ಬಿಟ್ಟು, ಅದನ್ನು ಗೃಹಿಣಿಯ ಸದ್ಗುಣವೆಂದು ಹೊಗಳುವುದು ಯಾವ ಆಚಾರ? ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ್ದು ಮಿಕ್ಕುದನ್ನು. ತನ್ನ ಹೊಟ್ಟೆಗೆ ಸಲ್ಲಬೇಕಾದುದನ್ನು ಅವಳು ಹಿಂದಕ್ಕೆ ಸುರಿಸಲಿಲ್ಲ. ಈ ಎರಡಕ್ಕೂ ಇರುವ ಭೇದವನ್ನು ನಮ್ಮ ಮಿತವ್ಯಯದ ಉಪದೇಶಗಳಲ್ಲಿ ನಾವು ಮರೆತಿದ್ದೇವೆ.

ಆದುದರಿಂದ ಮೇಲಿನ ಪಡಿಯ ಪಟ್ಟಿಯನ್ನು ಐವರಿಗೆ ಎಂದು ಹೇಳಿದಾಗ ಆ ಐವರಲ್ಲಿ ಅಡಿಗೆ ಮಾಡುವವಳೂ ಸೇರಿದ್ದಾಳೆಂಬುದನ್ನು ಎಣಿಕೆಯಲ್ಲಿ ಹಿಡಿಯಬೇಕು. ಇದಕ್ಕೆ ಸುಲಭವಾದ ಉಪಾಯವುಂಟು. ಬಡಿಸುವ ಮುನ್ನವೇ ಐದು ತಟ್ಟೆಗಳಲ್ಲಿ ರೊಟ್ಟಿ ಪಲ್ಯಗಳನ್ನು ಹಾಕಿ, ಐವರೂ ಒಟ್ಟಿಗೆ ಲಿಂಗಕ್ಕೆ ಅರ್ಪಿಸಿ ಕುಳಿತುಕೊಳ್ಳುವುದು. ಬಿಸಿರೊಟ್ಟಿಯೇ ಬೇಕೆಂದು ಹಟ ಹಿಡಿಯುವ ಗಂಡಸರು ವಾರಕ್ಕೆ ಎರಡು ದಿನವಾದರೂ ಆರಿದ ರೊಟ್ಟಿಯನ್ನು ಉಂಡು ಕಲಿಯಲಿ. ಅದಕ್ಕಿಂತಲೂ ಒಳ್ಳೆಯದೆಂದರೆ ಹಂಚಿನ ಮುಂದೆ ತಾವೇ ಕುಳಿತು ಸುಡಲಿ. ಅಕ್ಕಿ ಆಯುವುದು ಮಾರಯ್ಯನಿಗೆ ಅವಮಾನವಾಗಿರಲಿಲ್ಲ.

ಇನ್ನೊಂದು ಸೋರಿಕೆಯು ಮರ್ಯಾದೆಯ ಹೆಸರಿನಲ್ಲಿ ಆಗುವುದು. ಬೀಗರು ಬಂದರೆಂದು ಉದ್ರಿ ತಂದು ಗೋಧಿಹುಗ್ಗಿ, ಭಜಿ, ನಾಲ್ಕು ಬಗೆಯ ಪಲ್ಯ ಮಾಡಿ, ಮುಂದಿನ ಹದಿನೈದು ದಿನ ಮಕ್ಕಳಿಗೆ ನೀರುಸಾರು ಬಡಿಸುವ ಮನೆಗಳಿವೆ. ಜೋಳದ ರೊಟ್ಟಿ, ನುಚ್ಚು, ಅಂಬಲಿಗಳನ್ನು ಇತರರ ಮುಂದಿಡಲು ನಾಚಿಕೆಯಂತೆ. ಮಾದಾರ ಚೆನ್ನಯ್ಯನ ಕಥೆಯನ್ನು ಇಂತಹವರಿಗೆ ಯಾರು ನೆನಪು ಮಾಡಿಕೊಡಬೇಕು? ಚೋಳರಾಜನು ದಿನವೂ ಅರ್ಪಿಸುತ್ತಿದ್ದ ರಾಜಭೋಜನವನ್ನು ಬಿಟ್ಟು ಶಿವನು ಕುದುರೆಗೆ ಹುಲ್ಲು ತರುವ ಚೆನ್ನಯ್ಯನ ಅಂಬಲಿಯನ್ನು ಸವಿದನೆಂದು ಪರಂಪರೆಯು ಹೇಳುವುದು. ಕಥೆ ಕೇಳುವಾಗ ಕಣ್ಣೀರು ಸುರಿಸಿ, ಮನೆಗೆ ಬಂದು ಅಂಬಲಿಯ ಗಡಿಗೆಯನ್ನು ಬಾಗಿಲ ಹಿಂದೆ ಬಚ್ಚಿಡುವುದು ಸರಿಯೆ?

ಬಂದವರಿಗೆ ಪುಂಡಿಪಲ್ಯವನ್ನು ಮಾಡಿರಿ. ಹತ್ತು ಜನಕ್ಕೆ ಕಾಲು ಕಿಲೊ ತೊಗರಿಬೇಳೆ, ಎರಡು ಹಿಡಿ ಜೋಳದ ನುಚ್ಚು, ಆರು ಕಟ್ಟು ಪುಂಡಿಸೊಪ್ಪು, ಒಂದು ಹಿಡಿ ಹಸಿಮೆಣಸಿನಕಾಯಿ, ಎರಡು ಗಡ್ಡೆ ಬೆಳ್ಳುಳ್ಳಿ ಸಾಕು. ಪುಂಡಿ ಹುಳಿಯಾದುದರಿಂದ ಮುಂಚೆ ಹೇಳಿದಂತೆ ಬೇಳೆಯೂ ನುಚ್ಚೂ ಮೆತ್ತಗಾದ ಮೇಲೆಯೇ ಸೊಪ್ಪನ್ನು ಸೇರಿಸಿ, ಕಡೆಗೋಲಿನಿಂದ ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಇದರೊಡನೆ ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಈರುಳ್ಳಿ, ಮೊಸರು. ಪ್ರಸಾದದ ನಿಯಮವನ್ನು ಬಲ್ಲ ಹಿರಿಯರು ತಟ್ಟೆಯಲ್ಲಿ ಒಂದಗುಳನ್ನೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿಯುವರು. ಆ ನಿಯಮವು ನಡೆಯಬೇಕಾದರೆ ಬಡಿಸುವವರೂ ಒತ್ತಾಯ ಮಾಡಿ ರಾಶಿ ಹಾಕಬಾರದು. ಸ್ವಲ್ಪ ಸ್ವಲ್ಪವಾಗಿ ಎರಡು ಸಲ ಬಡಿಸಿದರೆ ಉಪಚಾರವೂ ಆಯಿತು, ಚೆಲ್ಲುವುದೂ ತಪ್ಪಿತು.

ಬುಟ್ಟಿಯಲ್ಲಿ ಎರಡು ಮೂರು ರೊಟ್ಟಿ ಉಳಿದರೆ ಮರುದಿನ ಬೆಳಿಗ್ಗೆ ಚೂರು ಮಾಡಿ, ನೀರು ಚಿಮುಕಿಸಿ ಮೆತ್ತಗಾಗಿಸಿ, ಈರುಳ್ಳಿ ಸಾಸಿವೆಯ ಒಗ್ಗರಣೆಯಲ್ಲಿ ಹುರಿದು, ಒಂದು ಹಿಡಿ ಶೇಂಗಾ ಪುಡಿ ಉದುರಿಸಿರಿ. ಮಕ್ಕಳು ಶಾಲೆಗೆ ಹೋಗುವ ಮುನ್ನ ಕೇಳಿ ಉಣ್ಣುವರು.